ಕಲ್ಲಿನ ಪಡಸಾಲೆಗೆ ಕಂಬಳಿ ಹೊದಿಸಿದವಳು

ಕಂಬಳಿಯಮ್ಮನ ಬಲಗಿವಿಯ ಹಾಲೆ ಎರಡು ಸೀಳಾಗಿ ತೂಗಾಡುತ್ತಿತ್ತು. ಹರೆಯದಲ್ಲಿ ಹಾಕಿಕೊಂಡಿದ್ದ ಭಾರದ ಓಲೆಯನ್ನು ಟಗರೊಂದು ಕೊಂಬಿಗೆ ಸಿಕ್ಕಿಸಿಕೊಂಡು ಎಳೆದುಬಿಟ್ಟಿತ್ತಂತೆ. ಮಾತಾಡುವಾಗ ಆ ಎರಡು ಸೀಳುಗಳನ್ನು ಬೆರಳಿನಲ್ಲಿ ಹೊಸೆಯುತ್ತಾ ಕೂರುವುದು ಆಕೆಯ ಅಭ್ಯಾಸ. ಉಣ್ಣೆಯ ನೂಲು ತೆಗೆದೂ ತೆಗೆದೂ ಆ ಬೆರಳುಗಳಿಗೆ ಸುಮ್ಮನಿರುವುದೇ ಮರೆತುಹೋಗಿತ್ತು. ಯಾರಾದರೂ ಅಯ್ಯೋ ಪಾಪ ಎಂದರೆ, "ಓಲೆ ಹೋದ್ರೆ ಹೋತು, ಕೇಳೋ ಕಿವಿ ಐತಲ್ಲ" ಎಂದು ನಗುತ್ತಿದ್ದಳು.

ಹಿರೇಗುಂಟನೂರಿನ ಕಡೆಯ ಕುರಿಗಾರರ ಹೆಂಗಸು. ಗಂಡಸರು ನೇಯ್ದದ್ದನ್ನು ಇವಳು ತಲೆಯ ಮೇಲೆ ಹೊತ್ತು, ವರ್ಷಕ್ಕೆ ಎರಡು ಸಲ ಚಿತ್ರದುರ್ಗದ ನಮ್ಮ ಬೀದಿಗೆ ಬರುತ್ತಿದ್ದಳು. ಬಾಗಿಲಿಗೆ ಬರುವ ಮೊದಲೇ ಕುರಿಯ ವಾಸನೆ, ಅದರ ಜೊತೆಗೆ ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಒಳಗೆ ಬಂದಿರುತ್ತಿತ್ತು. ಆ ಗಂಜಿಗೆಂದೇ ನಮ್ಮ ಬೀದಿಯ ಹೆಂಗಸರೆಲ್ಲ ವರ್ಷವಿಡೀ ಹುಣಸೆಬೀಜ ಕೂಡಿಟ್ಟು ಆಕೆಗೆ ಕೊಡುವ ರೂಢಿ. ನಮ್ಮತ್ತೆ ಕಂಬಳಿಯನ್ನು ನಾಲ್ಕು ಮೂಲೆ ಹಿಡಿಸಿ, ನಡುವೆ ಒಂದು ಚೊಂಬು ನೀರು ಸುರಿದು, ತೊಟ್ಟಿಕ್ಕದಿದ್ದರೆ ಮಾತ್ರ ಒಪ್ಪುತ್ತಿದ್ದರು. ಕಂಬಳಿಯಮ್ಮ ಎಂದೂ ಅವಸರಪಡಿಸಿದವಳಲ್ಲ, ದನಿ ಏರಿಸಿದವಳಂತೂ ಅಲ್ಲವೇ ಅಲ್ಲ. ಬೀದಿಯಲ್ಲಿ ಸಾಮಾನು ಮಾರುವವರೆಲ್ಲ ಗಂಟಲು ಹರಿದುಕೊಂಡು ಕೂಗಿದರೆ ಇವಳು ಜಗಲಿಯ ಮೇಲೆ ಸದ್ದಿಲ್ಲದೆ ಬಂದು ಕುಳಿತಿರುತ್ತಿದ್ದಳು. "ಕೂಗಿದ್ರೆ ಕುರಿ ಬೆದರ್ತವೆ, ನಮಗೂ ಏನೂ ಕೇಳಲ್ಲ" ಎನ್ನುವುದು ಆಕೆಯ ವಾದ.

ಇನ್ನು ನನ್ನ ಸಂಗತಿ ಹೇಳಬೇಕು, ಇಲ್ಲದಿದ್ದರೆ ಆಕೆ ನನಗೆ ಯಾಕೆ ದೊಡ್ಡವಳು ಎಂಬುದು ತಿಳಿಯದು. ನನ್ನ ತಾಯಿಗೆ ಮೂವತ್ತು ತುಂಬುವ ಮೊದಲೇ ಕಿವಿ ಹೋಗಿತ್ತು. ಮನೆಯವರೆಲ್ಲ ನಕ್ಕಾಗ ಅವಳೂ ನಗುತ್ತಿದ್ದಳು, ಆದರೆ ಒಂದು ಗಳಿಗೆ ತಡವಾಗಿ. ಹೊಸದುರ್ಗದ ಕಡೆಯ ನಮ್ಮ ಮಣ್ಣಿನ ಮನೆಯಲ್ಲಿ ಆ ತಡವಾದ ನಗುವನ್ನು ನೋಡುತ್ತಲೇ ಬೆಳೆದವಳು ನಾನು. ಮದುವೆಯಾಗಿ ದುರ್ಗಕ್ಕೆ ಬಂದೆ. ಗಂಡನ ಮನೆ ಅರಳೆ ವ್ಯಾಪಾರದವರದು. ಗೋಡೆ ಕಲ್ಲು, ಕಂಬ ಕಲ್ಲು, ನೆಲ ಕಲ್ಲು, ತಲೆಯ ಮೇಲೆ ಹೊದಿಸಿದ್ದೂ ಕಲ್ಲಿನ ಚಪ್ಪಡಿ. ಎರಡನೆಯ ವರ್ಷ ನನಗೆ ದೊಡ್ಡ ಜ್ವರ ಬಂತು. ಎದ್ದು ಓಡಾಡುವಂತಾದಾಗ ಪಡಸಾಲೆಯಲ್ಲಿ ಯಾರು ಮಾತಾಡಿದರೂ ನನಗೆ ಬರೀ ಗದ್ದಲ. ಅತ್ತೆ, "ಯಾಕೇ, ಕರದ್ರೆ ಓ ಅನ್ನಾಕೂ ಆಗಲ್ವಾ? ಅಷ್ಟು ಸೊಕ್ಕಾ?" ಎಂದು ಗದರುತ್ತಿದ್ದರು. ಕೇಳಿಸಲಿಲ್ಲ ಎಂದು ನಾನು ಹೇಳುತ್ತಿರಲಿಲ್ಲ. ಸೊಕ್ಕಿನವಳು ಎನ್ನಿಸಿಕೊಂಡೇನು, ಕಿವುಡಿ ಎನ್ನಿಸಿಕೊಳ್ಳಲಾರೆ ಎಂಬ ಹಟ. ಒಂದು ದಿನ ಎಲ್ಲರೂ ನಕ್ಕರು, ನಾನೂ ನಕ್ಕೆ. ತಡವಾಗಿ ನಕ್ಕೆನೆಂದು ನನಗೇ ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ನಮ್ಮ ಯಜಮಾನರು ಗ್ರಾಮಫೋನು ತರಿಸಿದರು. ಚಿಕ್ಕಜಾಜೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಹೊಳಲ್ಕೆರೆಯ ಮೇಲೆ ಗಾಡಿಯಲ್ಲಿ, ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಮಲಗಿ ಬಂತು. ಜ್ವರದಿಂದ ಎದ್ದವಳ ಮನಸ್ಸಿಗೆ ಹಿತವಾಗಲಿ ಎಂದೇ ತರಿಸಿದ್ದು. ಅದು ನನಗೆ ಗೊತ್ತಿದ್ದರಿಂದ ಸಂಕಟ ಇಮ್ಮಡಿಯಾಯಿತು. ಪಡಸಾಲೆಯ ನಟ್ಟನಡುವೆ, ದೇವರನ್ನು ಕೂರಿಸಿದ ಹಾಗೆ ಎತ್ತರದ ಮಣೆಯ ಮೇಲೆ ಅದನ್ನು ಕೂರಿಸಿದರು. ಕೀಲಿ ಕೊಟ್ಟು ಪ್ಲೇಟು ಹಾಕಿದರೆ ಬೀದಿಯೇ ಬಂದು ನಿಂತಿತು. ನನಗೆ ಕೇಳಿದ್ದು ಖಾಲಿ ಹಂಡೆಯೊಳಗೆ ಯಾರೋ ಕಿರುಚಿದ ಸದ್ದು. "ಹೆಂಗೈತೆ?" ಎಂದು ಯಜಮಾನರು ಕೇಳಿದರು. ಕೋಲೆಬಸವನ ಹಾಗೆ ತಲೆಯಾಡಿಸಿದೆ.

ಅವರೇನು ದಡ್ಡರಲ್ಲ. ನಾಲ್ಕೈದು ದಿನ ನನ್ನ ಮುಖ ನೋಡಿ, "ತುತ್ತೂರಿ ಸಣ್ಣದಾತು, ಅದಕ್ಕೇ ನಿಂಗೆ ಕೇಳಿಸ್ತಿಲ್ಲ" ಎಂದು ತಾವೇ ತೀರ್ಮಾನಿಸಿ, ಬೆಂಗಳೂರಿಗೆ ಹೋದವರು ದೊಡ್ಡ ಹಿತ್ತಾಳೆ ತುತ್ತೂರಿಯೊಂದನ್ನು ಹೊತ್ತುಕೊಂಡು ಬಂದರು. ನಾನು ಅದರೊಳಗೆ ಕುಳಿತರೂ ಹಿಡಿಸುತ್ತಿದ್ದೆ, ಅಷ್ಟು ದೊಡ್ಡದು. ಜೋರು ಸದ್ದಿನ ದಪ್ಪ ಸೂಜಿಗಳೂ ಬಂದವು. ಸದ್ದು ಹೆಚ್ಚಾದಷ್ಟೂ ನನಗೆ ಮಾತು ಕಡಿಮೆ ಕೇಳಿಸತೊಡಗಿತು. ಇನ್ನು ಮುಚ್ಚಿಟ್ಟು ಫಲವಿಲ್ಲ, ನನ್ನ ತಾಯಿಯ ಹಣೆಬರಹವೇ ನನ್ನದು ಎಂದು ಇವರಿಗೆ ಹೇಳಿಬಿಡಬೇಕೆಂದು ನಿರ್ಧರಿಸಿದೆ. ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ ವಾರದಲ್ಲೇ ಕಂಬಳಿಯಮ್ಮ ಬಂದಳು.

ನಾನು ಹಿತ್ತಲಿನಲ್ಲಿ ಬಾವಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದೆ. ಆಕೆ ನನ್ನ ಬೆನ್ನ ಹಿಂದೆ ಬೇವಿನ ಮರದ ಕೆಳಗೆ ಕುಳಿತು ಮಾತಿಗೆ ಶುರುಮಾಡಿದಳು. ಮೊಮ್ಮಗಳ ಸೀರೆಶಾಸ್ತ್ರ, ಕುರಿಗೆ ಬಂದ ಕಾಲುಬೇನೆ, ಹೀಗೆ ಏನೇನೋ. ತಿರುಗಿಯೂ ನೋಡದೆ ನಾನು ಹೂಂಗುಟ್ಟುತ್ತಾ ಉತ್ತರ ಕೊಡುತ್ತಿದ್ದೆ. ಆಮೇಲೆ ಹುಣಸೆಬೀಜದ ಮಡಕೆ ತರಲು ಪಡಸಾಲೆ ದಾಟಿ ಹೋದೆ. ಆಕೆಯೂ ಹಿಂದೆ ಬಂದು ಏನೋ ಕೇಳಿದಳು. "ಆಂ?" ಎಂದೆ. ಮತ್ತೆ ಕೇಳಿದಳು. ಮತ್ತೆ "ಆಂ?" ಎಂದೆ. ಆಕೆ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು.

"ಹಿತ್ಲಾಗೆ ಪಿಸುಗುಟ್ಟಿದ್ರೂ ಕೇಳ್ತಿತ್ತಲ್ಲ ತಾಯಿ. ಇಲ್ಲಿ ಏನಾತು?"

ಅಷ್ಟು ಕೇಳಿದ್ದೇ ತಡ, ಯಾರಿಗೂ ಹೇಳದಿದ್ದದ್ದನ್ನೆಲ್ಲ ಆಕೆಯ ಮುಂದೆ ಹೇಳಿಕೊಂಡು ಅತ್ತುಬಿಟ್ಟೆ. ತಾಯಿಯ ಕಿವಿ, ಜ್ವರ, ತಡವಾದ ನಗು, ಹಿತ್ತಾಳೆಯ ತುತ್ತೂರಿ, ಎಲ್ಲ. ಆಕೆ ನನ್ನನ್ನು ವಾಪಸು ಹಿತ್ತಲಿಗೆ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿಸಿ, ಮುಷ್ಟಿಯಲ್ಲಿ ನಾಲ್ಕು ಹುಣಸೆಬೀಜ ಇಟ್ಟುಕೊಂಡು ನನ್ನ ಹಿಂದೆ ಅಲ್ಲಾಡಿಸಿದಳು. ಕೇಳಿದ ಕೂಡಲೇ ಕೈ ಎತ್ತಬೇಕು. ಎಡಗಿವಿಗೆ ದೂರದಿಂದಲೇ ಕೇಳಿತು. ಬಲಗಿವಿಗೆ ತೀರ ಹತ್ತಿರ ಬಂದ ಮೇಲೆ ಕೇಳಿತು, ಆದರೆ ಕೇಳಿತು.

"ಎರಡೂ ಅವೆ. ಜ್ವರಕ್ಕೆ ಬಲಗಡೇದು ಸ್ವಲ್ಪ ಸೋಮಾರಿ ಆಗೈತೆ" ಎಂದಳು ಕಂಬಳಿಯಮ್ಮ. "ನಿನ್ ಕಿವಿ ಕೆಟ್ಟಿಲ್ಲ ತಾಯಿ. ನಿಮ್ ಪಡಸಾಲೆ ಕೂಗ್ತೈತೆ. ಬಂಡೆ ಸಂದೀಲಿ ಒಂದು ಮರಿ ಸಿಕ್ಕಂಡು ಒದರಿದ್ರೆ ಹತ್ತು ಮರಿ ಒದರಿದಂಗೆ ಆಗ್ತೈತೆ. ಯಾವ್ದು ಮರಿ, ಯಾವ್ದು ಬಂಡೆ ಅಂತ ನಮಗೇ ತಿಳಿಯಲ್ಲ. ನಿಂಗೂ ಅಂಗೇ ಆಗೈತೆ."

ಮಾತು ಮುಗಿಸಿ ಪಡಸಾಲೆಗೆ ಹೋಗಿ ಹೊರೆ ಬಿಚ್ಚಿದಳು. ಗೂಟಗಳಿಗೆ ಹಗ್ಗ ಕಟ್ಟಿಸಿ, ಮಾರಲು ತಂದಿದ್ದ ಕಂಬಳಿಗಳನ್ನೆಲ್ಲ ಎರಡು ಗೋಡೆಗಳ ಉದ್ದಕ್ಕೂ ಇಳಿಬಿಟ್ಟಳು, ನೆಲಕ್ಕೆ ಮೂರು ಹಾಸಿದಳು. ಅತ್ತೆ ಮೂಗು ಮುರಿದು, "ಏನಿದು, ಮನೇನೋ ಕುರಿ ರೊಪ್ಪಾನೋ?" ಎಂದರು. ಕಂಬಳಿಯಮ್ಮ ನಕ್ಕು, "ಒಂದು ಗಳಿಗೆ ತಾಳ್ರಿ ಅವ್ವಾ" ಎಂದಳು. ಆಮೇಲೆ ತಾನೇ ಒಂದೊಂದು ಮೂಲೆಯಲ್ಲಿ ನಿಂತು ಅದೇ ಸಣ್ಣ ದನಿಯಲ್ಲಿ ಮಾತಾಡುತ್ತಾ, ನನ್ನನ್ನು ಅಲ್ಲಿ ಇಲ್ಲಿ ನಡೆಸಿದಳು. "ಎಲ್ಲಿ ಮಾತು ಬಿಡಿಬಿಡಿಯಾಗಿ ಕೇಳ್ತೈತೋ ಅಲ್ಲಿ ನಿಂತ್ಕಾ ತಾಯಿ." ರಾಗಿ ತುಂಬುವ ಮರದ ಕಣಜದ ಪಕ್ಕ ಆಕೆ ನಿಂತು, ನಾನು ಎರಡನೆಯ ಕಂಬದ ಹತ್ತಿರ ಎಡಗಿವಿ ಆ ಕಡೆಗೆ ಮಾಡಿ ನಿಂತಾಗ, ಒಂದೊಂದು ಅಕ್ಷರವೂ ತಿಳಿಯಾಗಿ ಬಂತು. ಗ್ರಾಮಫೋನನ್ನು ಕಣಜದ ಪಕ್ಕಕ್ಕೆ ತಂದೆವು, ಮಣೆ ತೆಗೆದು ನೆಲಕ್ಕೇ ಇಳಿಸಿದೆವು.

ಅಷ್ಟರಲ್ಲಿ ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದರು. ಗೋಡೆ ತುಂಬ ಕಂಬಳಿ, ನೆಲದ ಮೇಲೆ ಗ್ರಾಮಫೋನು. ಅವರ ಹುಬ್ಬು ಗಂಟಿಕ್ಕಿತು.

"ಬೈಬ್ಯಾಡ್ರಿ ಸಾವ್ಕಾರ್ರೇ" ಎಂದಳು ಕಂಬಳಿಯಮ್ಮ. "ಆ ದೊಡ್ಡ ತುತ್ತೂರಿ ತೆಗೀರಿ. ಮೊದಲಿಂದು ಹಾಕ್ರಿ."

"ಸಣ್ಣದು ಹಾಕಿದ್ರೆ ಇವಳಿಗೆ ಏನು ಕೇಳ್ತೈತೆ?"

"ಹಾಕಿ ನೋಡ್ರಿ. ಕೇಳದಿದ್ರೆ ನಾನು ಕಂಬಳಿ ಹೊತ್ಕಂಡು ಹೊಳ್ಳಿ ಈ ಬೀದಿಗೆ ಬರಾಕಿಲ್ಲ."

ಗೊಣಗುತ್ತಲೇ ಸಣ್ಣ ತುತ್ತೂರಿ ಸಿಕ್ಕಿಸಿ, ಪ್ಲೇಟು ಇಟ್ಟು ಕೀಲಿ ಕೊಟ್ಟರು. ಹೆಂಗಸೊಬ್ಬಳು ಹಾಡಿದ ದೇವರನಾಮ. ಅಲ್ಲಿಯವರೆಗೆ ಅದು ಹೆಂಗಸಿನ ದನಿ ಎಂಬುದೇ ನನಗೆ ತಿಳಿದಿರಲಿಲ್ಲ. ಸಾಲುಸಾಲಾಗಿ ಮಾತು ಕೇಳಿತು, ನಡುವೆ ಆಕೆ ಉಸಿರೆಳೆದುಕೊಂಡದ್ದೂ ಕೇಳಿತು. ಜೀವಕ್ಕೆ ಜೀವ ಬಂತು ಎನ್ನುತ್ತಾರಲ್ಲ, ಅದು ಏನೆಂದು ಆಗ ತಿಳಿಯಿತು. ಪ್ಲೇಟು ಮುಗಿದಾಗ ನಾನು ಹಾಡಿನ ಮೊದಲ ಎರಡು ಸಾಲನ್ನು ಬಾಯಲ್ಲಿ ಹೇಳಿದೆ. ಯಜಮಾನರು ನನ್ನನ್ನೇ ನೋಡಿ, "ಹಂಗಾರೆ ಇಷ್ಟು ದಿನ ತಲೆಯಾಡಿಸಿದ್ದು?" ಎಂದರು. "ಸುಳ್ಳು" ಎಂದೆ. ಅವರು ಜೋರಾಗಿ ನಕ್ಕರು. ಅವರ ಜೊತೆಗೇ ನಾನೂ ನಕ್ಕೆ. ಆ ಹೊರೆಯ ಒಂದು ಕಂಬಳಿಯೂ ಮತ್ತೆ ನಮ್ಮ ಮನೆಯಿಂದ ಹೊರಗೆ ಹೋಗಲಿಲ್ಲ.

ಆದರೂ ಉಕ್ಕಿನ ಸೂಜಿಯ ಕಿರ್ ಎನ್ನುವ ಸದ್ದು ನನ್ನ ಸೋಮಾರಿ ಕಿವಿಯನ್ನು ಚುಚ್ಚುತ್ತಿತ್ತು. ಮುಂದಿನ ಸಲ ಬಂದಾಗ ಆಕೆಗೆ ಹೇಳಿದೆ. ಆಕೆ ಹೊದ್ದ ಕಂಬಳಿಯ ಎರಡು ಅಂಚು ಕೂಡಿಸಿ ಚುಚ್ಚಿಕೊಂಡಿದ್ದ ಜಾಲಿಮುಳ್ಳನ್ನು ಕಿತ್ತು, ಚಾಕುವಿನಲ್ಲಿ ಬುಡ ಕತ್ತರಿಸಿ, "ಇದನ್ನ ಹಾಕ್ರಿ, ಸಾವ್ಕಾರ್ರೇ" ಎಂದು ಚಾಚಿದಳು. ಪ್ಲೇಟು ಹಾಳಾಗುತ್ತದೆ ಎಂದು ಅವರು ಹೌಹಾರಿದರು. ಕೊನೆಗೆ ಹಳೆಯ ಪ್ಲೇಟೊಂದನ್ನು ಹರಕೆಯ ಕುರಿಯ ಹಾಗೆ ಮುಂದೆ ಬಿಟ್ಟರು. ಮುಳ್ಳು ಮೃದುವಾಗಿ ಹಾಡಿತು. ಒಂದೊಂದು ಮುಳ್ಳು ಎರಡು ಮೂರು ಪ್ಲೇಟಿಗೆ ಮೊಂಡಾಗುತ್ತಿತ್ತು, ಅಷ್ಟೇ. ಜಾಲಿಮುಳ್ಳಿಗೆ ನಮ್ಮ ಸೀಮೆಯಲ್ಲಿ ಬರವೇ? ಮುಂದೆ ಯುರೋಪಿನ ಯುದ್ಧ ಶುರುವಾಗಿ ಸೂಜಿ ಬರುವುದು ನಿಂತು, ಊರಿನ ನಾಲ್ಕಾರು ಗ್ರಾಮಫೋನುಗಳು ಮೂಕವಾದಾಗಲೂ ನಮ್ಮದು ಹಾಡುತ್ತಲೇ ಇತ್ತು. ಯಜಮಾನರು ಮುಳ್ಳಿನ ಉಪಾಯ ತಮ್ಮದೇ ಎಂಬಂತೆ ಎಲ್ಲರಿಗೂ ವಿವರಿಸುತ್ತಿದ್ದರು. ನಾನು ಕೆಮ್ಮುತ್ತಿದ್ದೆ.

ಆಕೆ ನಮ್ಮಲ್ಲಿ ಹಾಡು ಕೇಳಲೆಂದು ಕುಳಿತದ್ದು ಕಡಿಮೆ. ನಾನು ಒತ್ತಾಯಿಸಿದರೆ, "ನೀನು ಕೇಳು ತಾಯಿ, ನಾನು ನಿನ್ ಮಕ ನೋಡ್ತೀನಿ" ಎನ್ನುತ್ತಿದ್ದಳು. ನನ್ನ ಮಗಳ ಮೊದಲ ತೊದಲು ಮಾತನ್ನು ನಾನು ಕೇಳಿದೆ. ನನ್ನ ತಾಯಿಗೆ ನನ್ನದು ಕೇಳಿರಲಿಲ್ಲ. ಈ ಮಾತನ್ನು ಕಂಬಳಿಯಮ್ಮನಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡು, ನಾಚಿಕೆಯಿಂದ ಹೇಳದೆ ಉಳಿಸಿಕೊಂಡೆ. ಅದು ನನ್ನ ತಪ್ಪು.

ಹೀಗೆ ಹತ್ತು ಹನ್ನೊಂದು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಕಂಬಳಿಯ ಹೊರೆ ಹೊತ್ತು ಬೇರೊಬ್ಬ ಹೆಂಗಸು ಬಂದಳು. ಕಂಬಳಿಯಮ್ಮನ ಸೊಸೆ. ಗ್ರಾಮಫೋನು ಹಾಡುತ್ತಿತ್ತು. ಅಷ್ಟು ಹೊತ್ತಿಗೆ ಕಿವಿ ಮಂದವಾಗಿದ್ದ ನಮ್ಮತ್ತೆ ಅದರ ಪಕ್ಕದಲ್ಲೇ ಕುಳಿತು ಅಡಕೆ ಕತ್ತರಿಸುತ್ತಿದ್ದರು. ಸೊಸೆ ಹೊಸಿಲಾಚೆಯೇ ನಿಂತು, ಮನೆತನದ ಆ ಸಣ್ಣ ದನಿಯಲ್ಲಿ, "ಮುದುಕಿ ಹೋದ್ಲು ತಾಯಿ, ಒಂದು ತಿಂಗಳಾತು" ಎಂದಳು.

"ಏನಂದ್ಲು? ಏನಂತೆ?" ಎಂದು ಅತ್ತೆ ನನ್ನ ಸೆರಗು ಜಗ್ಗಿದರು.

ನನಗೆ ಮೊದಲ ಸಲಕ್ಕೇ ಕೇಳಿಸಿತ್ತು. ಅತ್ತೆಯ ಕಿವಿಯ ಹತ್ತಿರ ಬಾಗಿ, ನಾನೇ ಹೇಳಿದೆ.