ಅತ್ತೆಯ ಕಸೂತಿ ಮಗುಚಿದ ದಿನ

ಯಾರಾದರೂ ಕಸೂತಿ ತೋರಿಸಿದರೆ ಧಾರವಾಡದ ಕಡೆಯವರಾದ ನಾವು ಮೊದಲು ಬಟ್ಟೆ ಮಗುಚಿ ನೋಡುತ್ತೇವೆ. ದಾರಕ್ಕೆ ಗಂಟು ಹಾಕದೆ, ಎಳೆ ಎಣಿಸಿ ಹೊಲಿಯಬೇಕು. ಎರಡು ಬದಿಯೂ ಒಂದೇ ಥರ ಕಾಣಬೇಕು. ಹಿಂಬದಿಯಲ್ಲಿ ಗಂಟು ಕಂಡಿತೋ, ಹೊಲಿದವಳ ಮಾನ ಹೋಯಿತು. ಮದುವೆಯಾಗಿ ಮುಂಬಯಿಯ ಚೆಂಬೂರಿಗೆ ಬಂದ ಹೊಸತರಲ್ಲಿ ನಾನು ಹೊಲಿದದ್ದನ್ನೆಲ್ಲ ಅತ್ತೆ ಹೀಗೇ ಮಗುಚುತ್ತಿದ್ದರು. ಬರೀ ಮಗುಚಿದ್ದರೆ ಸಹಿಸುತ್ತಿದ್ದೆ. ಬಿಲ್ಡಿಂಗಿನ ಹೆಂಗಸರನ್ನೆಲ್ಲ ಕರೆದು, "ನೋಡ್ರವಾ ನಮ್ಮ ಸೊಸಿ ಹೊಲಿಗಿ! ಇಕಿ ತವರಮನ್ಯಾಗ ಬರೇ ಉಣ್ಣೂದಷ್ಟ ಕಲಿಸ್ಯಾರ" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಬಾಂದ್ರಾದಲ್ಲಿ ಶ್ರೀಮಂತ ಹೆಂಗಸರಿಗೆ ಬಟ್ಟೆ ಹೊಲಿಸಿಕೊಡುವ ಮೇಡಂ ಒಬ್ಬರಿದ್ದರು. ಅವರೂ ಒಬ್ಬ ಚಿತ್ರಕಾರನೂ ಸೇರಿ, ಗೋಡೆಗೆ ತೂಗುಹಾಕುವ ಬದಲು ಮೈಮೇಲೆ ಹಾಕಿಕೊಳ್ಳುವ ಚಿತ್ರಗಳ ಪ್ರದರ್ಶನ ಮಾಡಲು ಹೊರಟಿದ್ದರು. ಯಾರದೋ ಮೂಲಕ ಅತ್ತೆಯ ಸೆರಗಿನ ಕಸೂತಿ ಅವರ ಕಣ್ಣಿಗೆ ಬಿದ್ದು, ನಮ್ಮಿಬ್ಬರನ್ನೂ ಕರೆಸಿದರು. ಹೊಲಿಯಬೇಕಾದದ್ದು ಕೈಮಗ್ಗದ ಕಪ್ಪು ಬಟ್ಟೆಯ ಉದ್ದನೆ ಕೋಟು, ಅದರ ಬೆನ್ನ ತುಂಬ ಕಸೂತಿಯ ಮೀನು, ದೋಣಿ. ಚಿತ್ರಕಾರ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೇ ಬರೆಯಹೋದಾಗ ಅತ್ತೆ ಅವನ ಕೈ ತಳ್ಳಿದರು.

"ಗೆರಿ ಕೊರದು ಹೊಲದ್ರ ಅದೆಂಥಾ ಕಸೂತಿಪಾ? ಎಳಿ ಎಣಿಸಬೇಕು."

ನಾನು ಹಿಂದಿಯಲ್ಲಿ ತಿಳಿಸಿ ಹೇಳಿದೆ. ಮರುವಾರ ಅವನು ಚೌಕಳಿ ಕಾಗದದ ಮೇಲೆ ಮೀನು ಬರೆದು ತಂದ. ಅತ್ತೆ ಅದರ ಬಾಲವನ್ನೂ ತಿದ್ದಿದರು! ಅಂದಿನಿಂದ ಅವನು ಅತ್ತೆಯನ್ನು ಮರಾಠಿಯಲ್ಲಿ "ಆಯಿ", ಅಮ್ಮ, ಎಂದೇ ಕರೆಯತೊಡಗಿದ. ಪ್ರದರ್ಶನದಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಆಯಿಯ ಹೆಸರು ಬರೆಸುತ್ತೇನೆ ಎಂದ. ಮಾವ ಸತ್ತ ಮೇಲೆ ಮಗನ ಎರಡು ಕೋಣೆಯ ಮನೆಯಲ್ಲಿ ಮೂಲೆ ಹಿಡಿದಿದ್ದವರು, ಆ ಒಂದು ಮಾತಿಗೆ ತಲೆಯೆತ್ತಿ ಓಡಾಡತೊಡಗಿದರು. ಕಂಡಕಂಡವರಿಗೆಲ್ಲ ಅದನ್ನೇ ಹೇಳಿದರು.

ಬೆನ್ನಿನ ಭಾಗವನ್ನು ಮನೆಗೆ ತಂದು ಒಬ್ಬರೇ ಹೊಲಿದರು. ಸೂಜಿಗೆ ದಾರ ಪೋಣಿಸಲು ಮಾತ್ರ ನಾನು ಬೇಕು. ಪೋಣಿಸಿಕೊಟ್ಟ ಸೂಜಿಗಾಗಿ ಅವರು ಗಾಳಿಯಲ್ಲಿ ತಡಕಾಡಿದಾಗಲೇ ಕಣ್ಣು ಮಂದವಾಗಿದೆ ಎಂದು ನನಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಬಟ್ಟೆ ಮಗುಚಿದೆ. ಅಬ್ಬಾ, ಗಂಟುಗಳು! ಒಂದೆರಡಲ್ಲ. ಎಳೆ ತಪ್ಪಿದಲ್ಲೆಲ್ಲ ಗಂಟು ಬಿಗಿದು ಮುಂದೆ ಹೋಗಿದ್ದರು. ಆಗಲೇ ಹೇಳಿದ್ದರೆ ಇಬ್ಬರೂ ಕೂತು ಬಿಚ್ಚಿ ಸರಿಮಾಡಬಹುದಿತ್ತು. ನಾನು ಬಟ್ಟೆಯನ್ನು ಹಾಗೇ ಮಡಚಿಟ್ಟು ಬಾಯಿ ಮುಚ್ಚಿಕೊಂಡೆ.

ಒಪ್ಪಿಸುವ ದಿನ ಬಾಂದ್ರಾದ ವರಾಂಡದಲ್ಲಿ ಮೇಡಂ, ಚಿತ್ರಕಾರ, ಅವನ ಸ್ನೇಹಿತರೆಲ್ಲ ಸೇರಿದ್ದರು. ಎಲ್ಲರೂ ವಾಹ್ ವಾಹ್ ಅಂದರು. ಅತ್ತೆ ಬಾಯಿಗೆ ಸೆರಗು ಹಿಡಿದು ನಾಚಿದರು. ಆಗ ನಾನು ಎದ್ದು ಬಟ್ಟೆಯನ್ನು ಮಗುಚಿ ಹಾಸಿದೆ. ನಮ್ಮಲ್ಲಿ ಕಸೂತಿ ನೋಡುವುದು ಹೀಗೆ ಎಂದು ಹಿಂದಿಯಲ್ಲಿ ವಿವರಿಸಿ, ಒಂದೊಂದೇ ಗಂಟಿನ ಮೇಲೆ ಬೆರಳಿಟ್ಟು ತೋರಿಸಿದೆ. ಆಮೇಲೆ ಕನ್ನಡದಲ್ಲಿ, "ನಿಮ್ಮ ತವರಮನ್ಯಾಗ ಏನ್ ಕಲಿಸ್ಯಾರ್ರೀ ಅತ್ತಿ?" ಎಂದೆ.

ಮೇಡಂ ನಕ್ಕುಬಿಟ್ಟರು. "ಅರೆ, ಅಂದರ್ ಅಸ್ತರ್ ಲಗೇಗಾ. ಕೌನ್ ದೇಖ್ತಾ ಹೈ?" ಒಳಬದಿಗೆ ಬೇರೆ ಬಟ್ಟೆ ಕೂಡಿಸಿ ಮುಚ್ಚುತ್ತೇವೆ, ಯಾರು ನೋಡುತ್ತಾರೆ ಎಂದು. ಚಿತ್ರಕಾರನೂ ತಲೆಯಾಡಿಸಿದ. ಅವರಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಅಲ್ಲಿ ಏನು ನಡೆಯಿತೆಂದು ತಿಳಿದದ್ದು ನನಗೂ ಅತ್ತೆಗೂ ಮಾತ್ರ.

ಅತ್ತೆ ಬಟ್ಟೆಯನ್ನು ಮತ್ತೆ ಮುಂಬದಿಗೆ ತಿರುಗಿಸಿ, ಅಂಗೈಯಿಂದ ನೀವಿದರು. "ನನ್ನ ಹೆಸರು ಬ್ಯಾಡಪಾ" ಎಂದು ಚಿತ್ರಕಾರನಿಗೆ ಹೇಳಿದರು. ಅವನಿಗೆ ಅರ್ಥವಾಗಲಿಲ್ಲ. ಅದನ್ನೂ ನಾನೇ ಹಿಂದಿಯಲ್ಲಿ ಹೇಳಿದೆ.

ಆಮೇಲೆ ಅವರು ಸೂಜಿ ಮುಟ್ಟಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಚಹಾ ಬೇಕಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಂದೀಟ ಚಾ ಕುಡೀಲೇನವಾ?" ಎಂದು ನನ್ನನ್ನು ಕೇಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಹಾಗೆ ಕೇಳಿದಾಗ ನನಗೆ ಹಿತವಾಗುತ್ತಿತ್ತು. ಎಷ್ಟೋ ಸಲ ಕೇಳಿಸಿಯೂ ಉತ್ತರ ಕೊಡದೆ, ಇನ್ನೊಮ್ಮೆ ಕೇಳಲಿ ಎಂದು ಕಾದಿದ್ದೇನೆ.