ಅಕ್ಕೋರಿಗೆ ಇಟ್ಟ ಹಾಳೆ

ಮೊನ್ನೆ ಅಂಕೋಲೆಯಿಂದ ತಂದ ಬರ್ಫಿಯ ಡಬ್ಬಿ ತೆರೆದೆ. ತುಂಡುಗಳು ಒಂದಕ್ಕೊಂದು ಅಂಟದಿರಲೆಂದು ನಡುವೆ ತೆಳ್ಳಗಿನ ಹಾಳೆ ಇಟ್ಟಿದ್ದರು. ಅದನ್ನು ಬೆರಳಲ್ಲಿ ಎತ್ತಿದ್ದೇ ತಡ, ಅಕ್ಕೋರು ನೆನಪಾದರು…

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕಾರವಾರದ ಆಸ್ಪತ್ರೆಯೊಂದರಲ್ಲಿ ಅವರದು ನನ್ನ ಪಕ್ಕದ ಮಂಚ. ಅವರು ಮಲ್ಲಾಪುರದ ಶಾಲೆಯಲ್ಲಿ ಕಲಿಸುತ್ತಿದ್ದರು; ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ನಾನು ಬೆಳಂಬಾರದ ಮೀನುಗಾರನ ಹೆಂಡತಿ. ಇಬ್ಬರಿಗೂ ಮಕ್ಕಳಿರಲಿಲ್ಲ, ಇಬ್ಬರಿಗೂ ಗರ್ಭಕೋಶದಲ್ಲಿ ಗಡ್ಡೆ, ಒಂದೇ ದಿನ ಆಪರೇಶನ್.

ಗಡ್ಡೆ ತೆಗೆದ ಗಾಯಕ್ಕೆ ಕರುಳು ಅಂಟಿಕೊಳ್ಳಬಹುದು, ಅಡ್ಡಲಾಗಿ ಒಂದು ಹಾಳೆ ಇಟ್ಟರೆ ಗಾಯ ಮಾಯುವಷ್ಟರಲ್ಲಿ ಅದು ತಾನೇ ಕರಗಿಹೋಗುತ್ತದೆ ಎಂದು ಡಾಕ್ಟರು ಮೊದಲೇ ವಿವರಿಸಿದ್ದರು. ಇಟ್ಟರೂ ಕೆಲವರಿಗೆ ಅಂಟುವುದುಂಟು ಎಂದಿದ್ದರು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕೋರ ಗಂಡ ಗೋವೆಯಿಂದ ಹಾಳೆ ತರಿಸಿದರು. ಅಷ್ಟು ದುಡ್ಡು ನಮ್ಮಿಂದ ಆಗುವ ಮಾತಾಗಿರಲಿಲ್ಲ.

“ಡಾಕ್ಟ್ರೇ, ಅದ್ರಲ್ಲಿ ಅರ್ಧ ಇವ್ಳಿಗೂ ಇಡೂಕೆ ಆಗುದಿಲ್ವಾ?” ಅಕ್ಕೋರು ನನ್ನೆದುರೇ ಕೇಳಿದರು.

ಒಬ್ಬರಿಗೆಂದು ಬಿಚ್ಚಿದ್ದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ ಎಂದರು ಡಾಕ್ಟರು. ಕೇಳಿದ್ದಕ್ಕೆ ನಾನು ಋಣಿಯಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಹಾಳೆಯೂ ಅವರದೇ, ಅರ್ಧ ಕೊಡುವ ದೊಡ್ಡತನವೂ ಅವರದೇ.

ಎರಡು ವರ್ಷಕ್ಕೆ ಅವರಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಕರೆದರು, ಹೋಗಲಿಲ್ಲ. ಅಷ್ಟರಲ್ಲಿ ನನಗೆ ಬಿಡದ ಹೊಟ್ಟೆನೋವು. ಕರುಳು ಗರ್ಭಕೋಶಕ್ಕೆ ಅಂಟಿತ್ತು. ಮತ್ತೆ ಕೊಯ್ದು ಬಿಡಿಸಿದರು. ಇನ್ನು ಮಗುವಿನ ಆಸೆ ಬೇಡ ಎಂದರು.

ಸುದ್ದಿ ಕೇಳಿ ಅಕ್ಕೋರು ಮಗುವನ್ನು ಎತ್ತಿಕೊಂಡೇ ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ನಾನು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದೆ. ಅತ್ತೆ ಎಬ್ಬಿಸಲು ಬಂದರು.

“ಬೇಡ, ಮಲಗ್ಲಿ ಅವ್ಳು. ನಾ ಸುಮ್ನೆ ಕೂತ್ಕಂಡಿರ್ತೆ,” ಎಂದರು ಅಕ್ಕೋರು.

ಒಂದು ತಾಸು ಕೂತಿದ್ದರು. ಮಗು ನಕ್ಕಾಗಲೆಲ್ಲ ಮೆಲ್ಲಗೆ ಸುಮ್ಮನಾಗಿಸುತ್ತಿದ್ದರು… ಆ ಸದ್ದೇ ನನಗೆ ಹೊಲಿಗೆಗಿಂತ ಹೆಚ್ಚು ನೋಯುತ್ತಿತ್ತು. ಆಮೇಲೆ ಅವರು ಬರಲಿಲ್ಲ. ನಾನೂ ಹೋಗಲಿಲ್ಲ.

ಈ ವರ್ಷ ಅಕ್ಕೋರು ತೀರಿಕೊಂಡರು. ತಡವಾಗಿ ತಿಳಿದು ಮಲ್ಲಾಪುರಕ್ಕೆ ಹೋದೆ. ಬಾಗಿಲು ತೆರೆದ ಮಗಳು, ನಾನು ಅವಳ ಅಮ್ಮನ ಪಕ್ಕದ ಮಂಚದಲ್ಲಿದ್ದವಳು ಎಂದದ್ದೇ, ನನ್ನ ಹೆಗಲಿಗೆ ಬಿದ್ದು ಅತ್ತಳು. ಬೆನ್ನು ಸವರುತ್ತ ನಿಂತವಳಿಗೆ ಮತ್ತೆ ಅದೇ ಹೊಟ್ಟೆಕಿಚ್ಚು. ನಾನು ಸತ್ತಾಗ ಹೀಗೆ ಅಳಲು ನನಗೆ ಮಗಳಿಲ್ಲ. ಅಳುವವರೆಂದರೆ ಅಕ್ಕೋರೊಬ್ಬರಿದ್ದರೇನೋ…