ಅತ್ತೆ ನಿಲ್ಲಿಸಿದ ಹಾಲಿನ ಸಾಲು

"ಎಲ್ಲಾ ಬಂದ್ರಾ?" ಎಂದು ಅಧಿಕಾರಿ ಮೈಕಿನಲ್ಲಿ ಕೇಳಿದರು. "ಬಂದ್ವಿ" ಎಂದು ಶಾಲೆ ಮೈದಾನದಲ್ಲಿ ಸೇರಿದ್ದ ನಾವೆಲ್ಲ ಕೂಗಿದೆವು. ಕಾರ್ಖಾನೆಯಿಂದ ವಿಷಾನಿಲ ಸೋರಿದರೆ ಜಡಿಗೇನಹಳ್ಳಿ ಪಕ್ಕದ ನಮ್ಮ ಪುಟ್ಟ ಊರನ್ನು ಖಾಲಿ ಮಾಡುವುದು ಹೇಗೆಂಬ ತಾಲೀಮು ಅದು. ಡೇರಿಯಲ್ಲಿ ಹಾಲು ಅಳೆಯುವ ನನ್ನ ಅತ್ತೆ ಮಾತ್ರ ಆ ಕೂಗನ್ನು ನಂಬಲಿಲ್ಲ. "ಬೆಳಿಗ್ಗೆ ಹಾಲು ಹಾಕಕ್ಕೆ ನಿಂತ್ಕೋತೀರಲ್ಲ, ಹಂಗೇ ಮನೆಗೊಬ್ರು ನಿಂತ್ಕಳಿ" ಎಂದರು. ಯಾರ ಹಿಂದೆ ಯಾರು ಎಂಬುದು ಎಲ್ಲರಿಗೂ ರೂಢಿ. ನಿಂತು ನೋಡಿದರೆ ಒಂಟಿಯಾಗಿರುವ ಮುನಿಯಮ್ಮಜ್ಜಿಯ ಜಾಗ ಖಾಲಿ! ಅವರ ಮನೆಗೆ ಓಡಿದೆವು. ಕಿವಿ ಕೇಳಿಸದ ಅಜ್ಜಿ ಹಿತ್ತಿಲಲ್ಲಿ ನೆಮ್ಮದಿಯಾಗಿ ಅವರೆಕಾಯಿ ಸುಲಿಯುತ್ತಿದ್ದರು.

ಅತ್ತೆ ಏನು ಮಾಡ್ತಾರೆ ಎಂದು ಯಾರಾದರೂ ಕೇಳಿದರೆ, "ಡೇರೀಲಿ ಹಾಲು ಅಳೀತಾರೆ" ಎಂದು ಮೆಲ್ಲಗೆ ಹೇಳುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಜೋರಾಗಿ.